ಸಣ್ಣ ಮುದ್ದೆ ಬೇಗ ಆರುತ್ತದೆ

1984ರ ಪುಷ್ಯ ಮಾಸ. ಕಪಿಲಾ ನದಿಯ ಮೇಲಿಂದ ಬೀಸುವ ಗಾಳಿಗೆ ನಮ್ಮ ಸುತ್ತೂರು ಸಂಜೆಗೇ ಕದ ಹಾಕಿಕೊಳ್ಳುತ್ತಿತ್ತು. ಚೊಚ್ಚಲ ಬಾಣಂತನಕ್ಕೆಂದು ತವರಿಗೆ ಬಂದಿದ್ದ ಅಕ್ಕನಿಗೆ ಎಂಟನೇ ತಿಂಗಳಿಗೇ ನೋವು ಕಾಣಿಸಿಕೊಂಡಿತು. ಸೂಲಗಿತ್ತಿ ಅಜ್ಜಿ ಬಂದರು. ಹೆರಿಗೆ ಸಲೀಸಾಗಿಯೇ ಆಯಿತು. ಪುಟ್ಟ ಗಂಡುಮಗು. ಕೂಡಲೇ ನೀರೆರೆದು, ಹಳೆಯ ಸೀರೆಯಲ್ಲಿ ಸುತ್ತಿ, ಮೊರದಲ್ಲಿ ಮಲಗಿಸಿದರು. ಅಕ್ಕ ದಣಿದಿದ್ದಾಳೆಂದು ಮಗುವನ್ನು ದೂರವೇ ಇಟ್ಟರು. ಬೆಳಗಿನ ಜಾವ ಅವ್ವ ಮುಟ್ಟಿ ನೋಡಿದಾಗ ಮೈ ತಣ್ಣಗಿತ್ತು. ‘ಗಾಳಿ ಸೋಕಿತು’ ಎಂದರು ಊರವರು.

ಮುಂದೆ ನಾನು ವಿಜ್ಞಾನದ ಮೇಷ್ಟ್ರಾದೆ. ಎಂಟನೇ ತರಗತಿಗೆ ಉಷ್ಣದ ಪಾಠ ಮಾಡುವಾಗಲೆಲ್ಲ ಆ ಮೊರ ಕಣ್ಣ ಮುಂದೆ ಬರುತ್ತದೆ. ಒದ್ದೆ ಮೈಯ ನೀರು ಆವಿಯಾಗುವಾಗ ಶಾಖವನ್ನು ಹೊತ್ತೊಯ್ಯುತ್ತದೆ. ತಣ್ಣನೆಯ ಮೊರ ವಹನದಿಂದ, ಬೀಸುವ ಗಾಳಿ ಸಂವಹನದಿಂದ, ಹತ್ತಿರದ ತಂಪು ಗೋಡೆ ವಿಕಿರಣದಿಂದ ಶಾಖ ಕಸಿಯುತ್ತವೆ. ಊರವರು ಹೇಳಿದ ಗಾಳಿಯಲ್ಲಿ ಭೂತವಿರಲಿಲ್ಲ, ಭೌತವಿಜ್ಞಾನವಿತ್ತು.

ಎರಡು ರಾಗಿ ಮುದ್ದೆ ಮಾಡಿಡಿ, ಒಂದು ದೊಡ್ಡದು, ಒಂದು ಸಣ್ಣದು. ಯಾವುದು ಬೇಗ ಆರುತ್ತದೆ? ಸಣ್ಣದು. ಗಾತ್ರ ಕಡಿಮೆಯಾದಷ್ಟೂ ಅದಕ್ಕೆ ಹೋಲಿಸಿದರೆ ಮೇಲ್ಮೈ ಹೆಚ್ಚು. ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಕೂಸಿನ ಕಷ್ಟವೂ ಇದೇ. ಹಸುಗೂಸಿಗೆ ನಮ್ಮಂತೆ ನಡುಗಿ ಬೆಚ್ಚಗಾಗಲು ಬರುವುದಿಲ್ಲ. ಅದು ನೆಚ್ಚಿಕೊಂಡಿರುವುದು ಮೈಯೊಳಗಿನ ಕಂದು ಕೊಬ್ಬನ್ನು. ತಿಂಗಳು ತುಂಬದೆ ಹುಟ್ಟಿದ ಮಗುವಿನಲ್ಲಿ ಆ ಕೊಬ್ಬೂ ಕಡಿಮೆ.

ಪರಿಹಾರ ದುಬಾರಿಯದೇನಲ್ಲ. ದಕ್ಷಿಣ ಅಮೆರಿಕದ ಕೊಲಂಬಿಯಾದ ಬೊಗೋಟಾ ನಗರದಲ್ಲಿ ಶಾಖಪೆಟ್ಟಿಗೆಗಳು ಸಾಲದೆ ಬಂದಾಗ, 1978ರಲ್ಲಿ ಎಡ್ಗರ್ ರೇ ಎಂಬ ವೈದ್ಯರು ಕಡಿಮೆ ತೂಕದ ಕೂಸುಗಳನ್ನು ತಾಯಂದಿರ ಬರಿಯೆದೆಗೆ ಒರಗಿಸಿ ಬಟ್ಟೆ ಕಟ್ಟಿಸಿದರು. ಇದೇ ‘ಕಾಂಗರೂ ಆರೈಕೆ’. ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದರಿಂದ ಒಂದೂ ಮುಕ್ಕಾಲು ಕಿಲೋ ಆಸುಪಾಸಿನ ಕೂಸುಗಳಿಗೆ ಹುಟ್ಟಿದ ಕೂಡಲೇ ಈ ಆರೈಕೆ ಆರಂಭಿಸಲಾಯಿತು. ತಡವಾಗಿ ಆರಂಭಿಸಿದ ಗುಂಪಿನಲ್ಲಿ ನೂರಕ್ಕೆ ಸುಮಾರು 16 ಕೂಸುಗಳು ಸತ್ತರೆ, ಇಲ್ಲಿ 12. ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಸರ್ಕಾರದೊಡನೆ ಸೇರಿ ಈ ಆರೈಕೆಯನ್ನು ಆಸ್ಪತ್ರೆಯಿಂದ ಮನೆಯವರೆಗೆ ಒಯ್ದಿದೆ.

ಮಾಡುವುದು ಹೀಗೆ: ಕೂಸಿಗೆ ಟೋಪಿ, ಕಾಲುಚೀಲ, ಲಂಗೋಟಿ ಮಾತ್ರ. ತಾಯಿಯ ಎದೆಯ ನಡುವೆ ನೆಟ್ಟಗೆ ಒರಗಿಸಿ, ಉಸಿರಿಗೆ ತಡೆಯಾಗದಂತೆ ತಲೆಯನ್ನು ಪಕ್ಕಕ್ಕೆ ತಿರುಗಿಸಿ, ಮೇಲೆ ಬಟ್ಟೆ ಕಟ್ಟಬೇಕು. ದಿನಕ್ಕೆ ಎಂಟು ಗಂಟೆಗೆ ಕಡಿಮೆ ಬೇಡ, ಹೆಚ್ಚಾದಷ್ಟೂ ಒಳ್ಳೆಯದು. ತಾಯಿ ದಣಿದರೆ ತಂದೆಯೋ ಅಜ್ಜಿಯೋ ಎದೆ ಕೊಡಬಹುದು. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಕೊಡಿ, ಮೊದಲ ಹಳದಿ ಹಾಲನ್ನು ಚೆಲ್ಲಬೇಡಿ. ಮೊದಲ 24 ಗಂಟೆ ಸ್ನಾನ ಬೇಡ, ಒರೆಸಿದರೆ ಸಾಕು. ಹೊಕ್ಕುಳಿಗೆ ಎಣ್ಣೆ, ಬೂದಿ ಬೇಡ.

2011ರಿಂದ ಆಶಾ ಕಾರ್ಯಕರ್ತೆಯರು ಮನೆಗೇ ಬಂದು ಹಸುಗೂಸನ್ನು ನೋಡುವ ವ್ಯವಸ್ಥೆಯಿದೆ. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿಗೆ 42 ದಿನಗಳಲ್ಲಿ ಆರು ಭೇಟಿ. ಅವರನ್ನು ಹೊಸ್ತಿಲಲ್ಲೇ ಮಾತಾಡಿಸಿ ಕಳುಹಿಸಬೇಡಿ. ಮಗು ಹಾಲು ಬಿಟ್ಟರೆ, ಉಸಿರು ವೇಗವಾದರೆ, ಎದೆಗಪ್ಪಿದರೂ ಪಾದ ತಣ್ಣಗೇ ಇದ್ದರೆ ಕಾಯದೆ 108ಕ್ಕೆ ಕರೆ ಮಾಡಿ.

ದೇಶದಲ್ಲಿ 2020ರಲ್ಲೂ ಹುಟ್ಟಿದ ಸಾವಿರ ಮಕ್ಕಳಲ್ಲಿ 20 ಕೂಸುಗಳು 28 ದಿನ ತುಂಬುವ ಮೊದಲೇ ಕಣ್ಣುಮುಚ್ಚಿದವು. ಎಲ್ಲಕ್ಕೂ ಚಳಿಯೇ ಕಾರಣವಲ್ಲ. ಆದರೆ ಚಳಿಯನ್ನು ತಡೆಯುವುದು ಬಡವರ ಮನೆಯಲ್ಲೂ ಸಾಧ್ಯ.

ಸುತ್ತೂರು ಜಾತ್ರೆಯ ಸಾಮೂಹಿಕ ವಿವಾಹದಲ್ಲಿ ಅಕ್ಷತೆ ಹಾಕುವಾಗ ಆ ಎಳೆಯ ಜೋಡಿಗಳ ಮನೆಯಲ್ಲಿ ಮುಂದೆ ಆಡಲಿರುವ ತೊಟ್ಟಿಲು ನೆನಪಾಗುತ್ತದೆ. ಅಂದು ನಮ್ಮ ಮನೆಯಲ್ಲಿ ಪ್ರೀತಿಗೆ ಕೊರತೆಯಿರಲಿಲ್ಲ, ಅಕ್ಕನ ಎದೆಯಲ್ಲಿ ಬಿಸುಪಿಗೂ ಕೊರತೆಯಿರಲಿಲ್ಲ. ಮೊರಕ್ಕೂ ಆ ಎದೆಗೂ ನಡುವೆ ಇದ್ದದ್ದು ಎರಡೇ ಮಾರು.