ಸಂಘದ ಕಂಪ್ಯೂಟರಿಗೊಂದು ಕಾವಲು: ಪ್ರಿವಾಕ್ಸಿ ಹಾಕುವುದು, ಚಾಲೂ ಮಾಡುವುದು



ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಹಳ್ಳಿಗಳಲ್ಲಿ ಈಗ ಕಂಪ್ಯೂಟರ್ ಎಂಬುದು ಹೊಸ ವಸ್ತುವೇನಲ್ಲ. ಪಹಣಿ ತೆಗೆಸಬೇಕು, ಜಾತಿ-ಆದಾಯ ಪ್ರಮಾಣಪತ್ರ ಬೇಕು, ಮಕ್ಕಳ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬೇಕು, ಅಡಿಕೆ ರೇಟು, ಮೆಕ್ಕೆಜೋಳದ ರೇಟು ನೋಡಬೇಕು, ಎಲ್ಲಕ್ಕೂ ಅದೇ ಬೇಕು. 2023ರಲ್ಲಿ ಗೃಹಜ್ಯೋತಿ, ಗೃಹಲಕ್ಷ್ಮಿ ಅರ್ಜಿ ಹಾಕುವಾಗ ಗ್ರಾಮ ಒನ್ ಕೇಂದ್ರಗಳ ಮುಂದೆ ಅಕ್ಕಂದಿರು ಬೆಳಗಿನಿಂದ ಸಾಲಿನಲ್ಲಿ ನಿಂತದ್ದು ನಿಮಗೆ ನೆನಪಿರಬಹುದು. ಆದರೆ ಕಂಪ್ಯೂಟರ್ ಒಂದೇ, ಬಳಸುವವರು ನೂರು ಜನ. ಮನೆ ಬೀರುವಿನ ಬೀಗದ ಕೈ ಊರಿಗೆಲ್ಲ ಕೊಟ್ಟ ಹಾಗೆ ಆಗಿದೆ ನಮ್ಮ ಸ್ಥಿತಿ.

ಒಂದು ಸಂಗತಿ ಹೇಳುತ್ತೇನೆ. ಊರಿನ ಹೆಸರು ಬೇಡ. ಸ್ವ-ಸಹಾಯ ಸಂಘದ ಕಚೇರಿಯ ಕಂಪ್ಯೂಟರಿನಲ್ಲಿ ಒಬ್ಬ ಹೆಣ್ಣುಮಗಳು ಗರ್ಭಕೋಶದ ಗಡ್ಡೆಯ ಬಗ್ಗೆ ಹುಡುಕಿ ಓದಿದಳು. ಡಾಕ್ಟರು ಹೇಳಿದ್ದು ಪೂರ್ತಿ ಅರ್ಥವಾಗಿರಲಿಲ್ಲ, ಯಾರನ್ನಾದರೂ ಕೇಳಲು ಸಂಕೋಚ. ಮರುದಿನ ಅದೇ ಕುರ್ಚಿಯಲ್ಲಿ ಕೂತು ಇನ್ನೊಬ್ಬರು ಪತ್ರಿಕೆ ಓದುತ್ತಿದ್ದರೆ, ಸುದ್ದಿಯ ಪಕ್ಕ, ಸುದ್ದಿಯ ಕೆಳಗೆ, ಎಲ್ಲಿ ನೋಡಿದರೂ ಅದೇ ಕಾಯಿಲೆಯ ಆಸ್ಪತ್ರೆ ಜಾಹೀರಾತು! "ನಿನ್ನೆ ಇಲ್ಲಿ ಯಾರ್ ಕೂತಿದ್ರು?" ಅಂತ ಒಬ್ಬರು ಕೇಳಿದರು. ಅಷ್ಟೇ ಸಾಕಾಯಿತು. ಸಂಜೆಯೊಳಗೆ ಮಾತು ಅವಳ ಅತ್ತೆಯ ಕಿವಿಗೆ ಹೋಗಿತ್ತು. ಅವಳು ಆಮೇಲೆ ಕಚೇರಿಗೆ ಬರುವುದನ್ನೇ ಬಿಟ್ಟಳು. ನಾನು ಈ ಲೇಖನ ಬರೆಯಲು ಕಾರಣ ಅದೇ.

ಇದು ಹೇಗಾಗುತ್ತದೆ? ನಾವು ಒಂದು ಪುಟ ತೆರೆದರೆ ಒಂದೇ ಕಡೆಯಿಂದ ಬರುತ್ತದೆ ಅಂತ ತಿಳಿದಿರುತ್ತೇವೆ. ಹಾಗಲ್ಲ. ಸುದ್ದಿ ಬರುವುದು ಪತ್ರಿಕೆಯ ಕಂಪ್ಯೂಟರಿನಿಂದ. ಅದರ ಜೊತೆಗೆ ಜಾಹೀರಾತಿನವರು, ಲೆಕ್ಕ ಇಡುವವರು, ಯಾರು ಏನು ನೋಡಿದರು ಎಂದು ಹಿಂಬಾಲಿಸುವವರು, ಹೀಗೆ ಹತ್ತಾರು ಕಡೆಗೆ ನಮ್ಮ ಬ್ರೌಸರ್ ನಮಗೆ ಹೇಳದೆಯೇ ಹೋಗಿ ಬರುತ್ತದೆ. ಅವರು ನಮ್ಮ ಬ್ರೌಸರಿನಲ್ಲಿ ಕುಕ್ಕಿ ಎಂಬ ಸಣ್ಣ ಚೀಟಿ ಇಟ್ಟು ಹೋಗುತ್ತಾರೆ. ಮುಂದಿನ ಸಲ ಬೇರೆ ಪುಟದಲ್ಲಿ ಅದೇ ಚೀಟಿ ಕಂಡರೆ, "ಓ, ಇದು ಆವತ್ತಿನ ಕಂಪ್ಯೂಟರ್" ಎಂದು ಗುರುತು ಹಿಡಿಯುತ್ತಾರೆ. ಕೂತವರು ಬದಲಾಗಿದ್ದಾರೆ ಎಂಬುದು ಅವರಿಗೆ ಗೊತ್ತಿಲ್ಲ, ಬೇಕಾಗಿಯೂ ಇಲ್ಲ.

ಖಾಸಗಿತನ ಎಂಬುದು ಪಟ್ಟಣದ ಓದಿದವರ ಚಿಂತೆ, ನಮಗೇನು ಅಂತ ಕೆಲವರು ಕೇಳುತ್ತಾರೆ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಾಧೀಶರ ಪೀಠ ಖಾಸಗಿತನವು ಮೂಲಭೂತ ಹಕ್ಕು ಎಂದು ತೀರ್ಪು ಕೊಟ್ಟಿತು. ಆ ಮೊಕದ್ದಮೆಯನ್ನು 2012ರಲ್ಲಿ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು, ಆಧಾರ್ ವಿಷಯದಲ್ಲಿ. 2023ರಲ್ಲಿ ಕೇಂದ್ರ ಸರ್ಕಾರ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆಯನ್ನೂ ಮಾಡಿದೆ. ಕಾಯಿದೆ ಇರಲಿ, ನಮ್ಮ ಮನೆಯ ಕದ ನಾವೇ ಹಾಕಿಕೊಳ್ಳಬೇಕಲ್ಲ!

ಪ್ರಾಕ್ಸಿ ಅಂದರೆ ಏನು?

ಚನ್ನಗಿರಿ ಕಡೆಯವರಿಗೆ ಸೂಳೆಕೆರೆ ಗೊತ್ತು. ಕೆರೆ ಎಷ್ಟೇ ದೊಡ್ಡದಿದ್ದರೂ ನೀರು ಗದ್ದೆಗೆ ಬರಬೇಕಾದರೆ ತೂಬು ದಾಟಿಯೇ ಬರಬೇಕು. ತೂಬಿಗೆ ಜಾಲರಿ ಹಾಕಿದರೆ ಕಸಕಡ್ಡಿ ಅಲ್ಲೇ ನಿಲ್ಲುತ್ತದೆ. ಪ್ರಾಕ್ಸಿ ಅಂದರೆ ಆ ತೂಬು. ಬ್ರೌಸರ್ ನೇರವಾಗಿ ಇಂಟರ್ನೆಟ್ಟಿಗೆ ಹೋಗದೆ ಮೊದಲು ಪ್ರಾಕ್ಸಿಯನ್ನು ಕೇಳುತ್ತದೆ, ಪ್ರಾಕ್ಸಿ ತನ್ನ ಪಟ್ಟಿ ನೋಡಿ, ಇದು ಬೇಕಾದದ್ದು ಬಿಡು, ಇದು ಜಾಹೀರಾತಿನವರದ್ದು ಬೇಡ, ಎಂದು ತೀರ್ಮಾನಿಸುತ್ತದೆ. ಈ ಕೆಲಸಕ್ಕೆ ಹಲವು ಸಾಫ್ಟ್‌ವೇರ್‌ಗಳಿವೆ. ಇಲ್ಲಿ ಹೇಳುವುದು ಪ್ರಿವಾಕ್ಸಿ ಎಂಬುದರ ಬಗ್ಗೆ. ಇದು ಉಚಿತ, ಮುಕ್ತ ತಂತ್ರಾಂಶ. ಹಳೆಯ ಕಂಪ್ಯೂಟರಿನಲ್ಲೂ ಓಡುತ್ತದೆ. ಬೇರೆ ಯಾವುದೋ ದೇಶದಲ್ಲಿರುವ ಕಂಪ್ಯೂಟರ್ ಅಲ್ಲ ಇದು, ನಿಮ್ಮ ಕಂಪ್ಯೂಟರಿನೊಳಗೇ ಕೂತು ಕೆಲಸ ಮಾಡುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಒಬ್ಬರೇ ಒಂದೇ ಬ್ರೌಸರ್ ಬಳಸುವವರಾದರೆ ಇಷ್ಟೆಲ್ಲ ಬೇಕಿಲ್ಲ. ಫೈರ್‌ಫಾಕ್ಸ್‌ಗೆ ಯುಬ್ಲಾಕ್ ಒರಿಜಿನ್ ಎಂಬ ಆ್ಯಡ್-ಆನ್ ಹಾಕಿಕೊಂಡರೆ ಸಾಕು, ಜಾಹೀರಾತು ತಡೆಯುವುದರಲ್ಲಿ ಅದೇ ಮುಂದು. ಹಲವರು ಹಲವು ಬ್ರೌಸರ್ ಬಳಸುವ ಕಚೇರಿಯ ಕಂಪ್ಯೂಟರಿಗೆ ಪ್ರಿವಾಕ್ಸಿ ಅನುಕೂಲ. ಒಂದು ಕಡೆ ನಿಯಮ ಬರೆದರೆ ಎಲ್ಲ ಬ್ರೌಸರಿಗೂ ಅನ್ವಯಿಸುತ್ತದೆ.

ಹಾಕುವುದು ಹೇಗೆ?

ವಿಂಡೋಸ್ ಇದ್ದರೆ ಪ್ರಿವಾಕ್ಸಿ ಡಾಟ್ ಆರ್ಗ್ ಎಂಬ ಅದರ ಸ್ವಂತ ತಾಣದಿಂದಲೇ ಇನ್‌ಸ್ಟಾಲರ್ ಇಳಿಸಿಕೊಳ್ಳಿ. ಹುಡುಕಿದಾಗ ಬರುವ ಬೇರೆ ತಾಣಗಳಲ್ಲಿ ದೊಡ್ಡ ಹಸಿರು ಡೌನ್‌ಲೋಡ್ ಬಟನ್ ಇರುತ್ತದೆ, ಅದನ್ನು ಒತ್ತಲೇಬೇಡಿ. ಜಾಹೀರಾತು ತಡೆಯಲು ಹೋಗಿ ವೈರಸ್ ಮನೆಗೆ ತಂದುಕೊಂಡವರಿದ್ದಾರೆ. ಇಳಿಸಿದ ಫೈಲ್ ಒತ್ತಿ, ಕೇಳಿದ್ದಕ್ಕೆಲ್ಲ ನೆಕ್ಸ್ಟ್ ಕೊಡುತ್ತಾ ಹೋದರೆ ಇನ್‌ಸ್ಟಾಲ್ ಆಗುತ್ತದೆ. ನಂತರ ಸ್ಟಾರ್ಟ್ ಮೆನುವಿನಲ್ಲಿ ಪ್ರಿವಾಕ್ಸಿ ಹುಡುಕಿ ಚಾಲೂ ಮಾಡಿ. ಗಡಿಯಾರದ ಪಕ್ಕ ಅದರ ಸಣ್ಣ ಗುರುತು ಕಂಡರೆ ಓಡುತ್ತಿದೆ ಎಂದರ್ಥ.

ಉಬುಂಟು ಅಥವಾ ಡೆಬಿಯನ್ ಇದ್ದವರಿಗೆ ಇನ್ನೂ ಸುಲಭ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ ನಿಂತ ಮೇಲೆ ಹಳೆ ಕಂಪ್ಯೂಟರಿಗೆ ಉಬುಂಟು ಹಾಕಿಸಿಕೊಂಡವರೂ ಇದ್ದೀರಿ. ಟರ್ಮಿನಲ್ ತೆರೆದು, ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ, ನಡುವೆ ಒಂದೊಂದು ಜಾಗ ಬಿಟ್ಟು, ಸುಡೊ ಆ್ಯಪ್ಟ್ ಇನ್‌ಸ್ಟಾಲ್ ಪ್ರಿವಾಕ್ಸಿ ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಆಪ್ಟ್ ಎಂಬುದರ ಅಕ್ಷರಗಳು ಎ, ಪಿ, ಟಿ. ಪಾಸ್‌ವರ್ಡ್ ಕೇಳುತ್ತದೆ, ಕೊಡಿ. ಟೈಪ್ ಮಾಡುವಾಗ ಪರದೆಯ ಮೇಲೆ ಏನೂ ಕಾಣದಿದ್ದರೆ ಗಾಬರಿ ಬೇಡ. ಇಲ್ಲಿ ಪ್ರಿವಾಕ್ಸಿ ತಾನಾಗೇ ಚಾಲೂ ಆಗುತ್ತದೆ, ಕಂಪ್ಯೂಟರ್ ಪ್ರತಿ ಸಲ ಆನ್ ಮಾಡಿದಾಗಲೂ ಎದ್ದು ಕೂರುತ್ತದೆ.

ಬ್ರೌಸರಿಗೆ ದಾರಿ ತೋರಿಸುವುದು

ಪ್ರಿವಾಕ್ಸಿ ಓಡುತ್ತಿದ್ದರೆ ಮಾತ್ರ ಸಾಲದು. ತೂಬು ಕಟ್ಟಿ ಕಾಲುವೆ ಬೇರೆ ಕಡೆ ತೋಡಿದರೆ ಏನು ಪ್ರಯೋಜನ? ಬ್ರೌಸರಿಗೆ ಈ ದಾರಿಯಲ್ಲೇ ಹೋಗು ಅಂತ ಹೇಳಬೇಕು. ನೆನಪಿಡಬೇಕಾದ ಅಂಕಿ ಎರಡೇ. ವಿಳಾಸ 127.0.0.1, ಪೋರ್ಟ್ 8118. ಮೊದಲನೆಯದು "ಇದೇ ಕಂಪ್ಯೂಟರ್" ಎಂಬ ಅರ್ಥದ ವಿಳಾಸ, ಎಲ್ಲ ಕಂಪ್ಯೂಟರಿನಲ್ಲೂ ಅದೇ. ಎರಡನೆಯದು ಪ್ರಿವಾಕ್ಸಿ ಕಾದು ಕೂರುವ ಬಾಗಿಲಿನ ನಂಬರು.

ಫೈರ್‌ಫಾಕ್ಸಿನಲ್ಲಿ ಮೇಲೆ ಬಲಗಡೆ ಮೂರು ಗೆರೆ ಒತ್ತಿ ಸೆಟ್ಟಿಂಗ್ಸ್‌ಗೆ ಹೋಗಿ. ಮೇಲಿನ ಹುಡುಕುವ ಜಾಗದಲ್ಲಿ ಪ್ರಾಕ್ಸಿ ಎಂದು ಇಂಗ್ಲಿಷಿನಲ್ಲಿ ಬರೆದರೆ ನೆಟ್‌ವರ್ಕ್ ಸೆಟ್ಟಿಂಗ್ಸ್ ಸಿಗುತ್ತದೆ. ಅದರಲ್ಲಿ ಮ್ಯಾನುಯಲ್ ಪ್ರಾಕ್ಸಿ ಕಾನ್ಫಿಗರೇಶನ್ ಆಯ್ದು, ಎಚ್‌ಟಿಟಿಪಿ ಪ್ರಾಕ್ಸಿ ಎಂಬಲ್ಲಿ ವಿಳಾಸ, ಪಕ್ಕದಲ್ಲಿ ಪೋರ್ಟ್ ತುಂಬಿ. ಎಚ್‌ಟಿಟಿಪಿಎಸ್‌ಗೂ ಇದನ್ನೇ ಬಳಸು ಎಂಬ ಚೌಕಕ್ಕೆ ಟಿಕ್ ಹಾಕುವುದನ್ನು ಮರೆಯಬೇಡಿ. ಈಗಿನ ಬಹುತೇಕ ತಾಣಗಳು ಎಚ್‌ಟಿಟಿಪಿಎಸ್ ಆಗಿರುವುದರಿಂದ ಅದಿಲ್ಲದಿದ್ದರೆ ಎಲ್ಲವೂ ಪಕ್ಕದ ದಾರಿಯಲ್ಲಿ ಹೋಗಿಬಿಡುತ್ತದೆ. ವಿಂಡೋಸಿನಲ್ಲಿ ಕ್ರೋಮ್ ಮತ್ತು ಎಡ್ಜ್ ಕೇಳುವುದು ವಿಂಡೋಸಿನ ಮಾತನ್ನು. ಅದಕ್ಕೆ ವಿಂಡೋಸ್ ಸೆಟ್ಟಿಂಗ್ಸ್, ನೆಟ್‌ವರ್ಕ್ ಆ್ಯಂಡ್ ಇಂಟರ್ನೆಟ್, ಪ್ರಾಕ್ಸಿ ಎಂಬಲ್ಲಿ ಹೋಗಿ ಅವೇ ಎರಡು ಅಂಕಿ ತುಂಬಿ ಸೇವ್ ಮಾಡಿ.

ಈಗ ಪರೀಕ್ಷೆ. ಬ್ರೌಸರಿನ ವಿಳಾಸದ ಜಾಗದಲ್ಲಿ ಎಚ್‌ಟಿಟಿಪಿ, ಕೋಲನ್, ಎರಡು ಓರೆಗೆರೆ, ನಂತರ ಪಿ ಡಾಟ್ ಪಿ, ಕೊನೆಗೊಂದು ಓರೆಗೆರೆ ಟೈಪ್ ಮಾಡಿ. ಇಂಥ ತಾಣ ಹೊರಗೆಲ್ಲೂ ಇಲ್ಲ, ಪ್ರಿವಾಕ್ಸಿಯೇ ತೋರಿಸುವ ಪುಟ ಅದು. ತನ್ನ ಹೆಸರು ಮತ್ತು ಆವೃತ್ತಿ ಸಂಖ್ಯೆ ಹೇಳಿಕೊಂಡು ಪುಟ ಬಂದರೆ ನೀವು ಗೆದ್ದಿರಿ. ಬರಲಿಲ್ಲ ಅಂದರೆ ಬ್ರೌಸರ್ ಇನ್ನೂ ನೇರ ದಾರಿಯಲ್ಲೇ ಇದೆ.

ಕರೆಂಟ್ ಹೋದಾಗ

ನಮ್ಮ ಕಡೆ ಅತಿ ಹೆಚ್ಚು ಬರುವ ತೊಂದರೆ ಇದೇ. ಮಧ್ಯಾಹ್ನ ಕರೆಂಟ್ ಹೋಗಿ ಕಂಪ್ಯೂಟರ್ ಆಫ್ ಆಗುತ್ತದೆ. ಮತ್ತೆ ಬಂದಾಗ ವಿಂಡೋಸ್ ಏಳುತ್ತದೆ, ಪ್ರಿವಾಕ್ಸಿ ಎದ್ದಿರುವುದಿಲ್ಲ. ಬ್ರೌಸರ್ ಮಾತ್ರ ಹೇಳಿಕೊಟ್ಟ ಹಾಗೆ 8118ನೇ ಬಾಗಿಲು ತಟ್ಟುತ್ತದೆ, ಒಳಗೆ ಯಾರೂ ಇಲ್ಲ. ಪ್ರಾಕ್ಸಿ ಸರ್ವರ್ ಸಂಪರ್ಕ ನಿರಾಕರಿಸುತ್ತಿದೆ ಎಂಬ ಸಂದೇಶ ಬರುತ್ತದೆ. "ನೆಟ್ ಹೋಯ್ತು ಸರ್" ಅಂತ ಫೋನ್ ಮಾಡುತ್ತಾರೆ, ಕೇಬಲ್ ಕಿತ್ತು ಹಾಕುತ್ತಾರೆ, ಮೋಡೆಮ್ ಬಡಿಯುತ್ತಾರೆ! ನೆಟ್ ಎಲ್ಲಿಗೂ ಹೋಗಿರುವುದಿಲ್ಲ. ಪ್ರಿವಾಕ್ಸಿ ಚಾಲೂ ಮಾಡಿದರೆ ಮುಗಿಯಿತು. ಶಾಶ್ವತ ಪರಿಹಾರ ಬೇಕಾದರೆ ವಿಂಡೋಸ್ ಕೀ ಮತ್ತು ಆರ್ ಒಟ್ಟಿಗೆ ಒತ್ತಿ, ಶೆಲ್ ಕೋಲನ್ ಸ್ಟಾರ್ಟಪ್ ಎಂದು ಬರೆದು ಎಂಟರ್ ಕೊಡಿ. ತೆರೆದ ಫೋಲ್ಡರಿನಲ್ಲಿ ಪ್ರಿವಾಕ್ಸಿಯ ಶಾರ್ಟ್‌ಕಟ್ ಹಾಕಿಟ್ಟರೆ ಕಂಪ್ಯೂಟರಿಗೆ ಲಾಗಿನ್ ಆದ ಕೂಡಲೇ ಅದೂ ಏಳುತ್ತದೆ.

ಕೆಲವೊಮ್ಮೆ ಬೇಕಾದ ತಾಣವೇ ತೆರೆಯದೆ ಇರಬಹುದು. ಜಾಲರಿ ತುಂಬಾ ಸಣ್ಣದಾದರೆ ಮೀನೂ ಸಿಕ್ಕಿಬೀಳುತ್ತದಲ್ಲ, ಹಾಗೆ. ಆಗ ಯೂಸರ್ ಡಾಟ್ ಆ್ಯಕ್ಷನ್ ಎಂಬ ಫೈಲನ್ನು ತೆರೆದು, ಕೊನೆಯಲ್ಲಿ ಹೂವಿನಾಕಾರದ ಕಂಸಗಳ ನಡುವೆ ಮೈನಸ್ ಗುರುತು ಹಾಕಿ ಬ್ಲಾಕ್ ಎಂದು ಬರೆದು, ಕೆಳಗಿನ ಸಾಲಿನಲ್ಲಿ ಆ ತಾಣದ ಹೆಸರನ್ನು ಮೊದಲು ಒಂದು ಚುಕ್ಕೆ ಇಟ್ಟು ಬರೆಯಿರಿ. ಆ ಚುಕ್ಕೆ ಇದ್ದರೆ ಅದರ ಉಪತಾಣಗಳಿಗೂ ಅನುಮತಿ ಸಿಗುತ್ತದೆ. ಮೈನಸ್ ಬದಲು ಪ್ಲಸ್ ಹಾಕಿದರೆ ತಡೆಯುತ್ತದೆ. ಸೇವ್ ಮಾಡಿದರೆ ಸಾಕು, ಪ್ರಿವಾಕ್ಸಿಯನ್ನು ನಿಲ್ಲಿಸಿ ಚಾಲೂ ಮಾಡಬೇಕಿಲ್ಲ. ಡೀಫಾಲ್ಟ್ ಡಾಟ್ ಆ್ಯಕ್ಷನ್ ಎಂಬ ಫೈಲನ್ನು ಮಾತ್ರ ಮುಟ್ಟಬೇಡಿ, ಹೊಸ ಆವೃತ್ತಿ ಹಾಕಿದಾಗ ಅದು ಅಳಿಸಿಹೋಗುತ್ತದೆ.

ಇದರಿಂದ ಆಗದೇ ಇರುವುದು

ಎಚ್‌ಟಿಟಿಪಿಎಸ್ ತಾಣ ಅಂದರೆ ಮೊಹರು ಮಾಡಿದ ಲಕೋಟೆ. ಪ್ರಿವಾಕ್ಸಿ ಲಕೋಟೆಯ ಮೇಲಿನ ವಿಳಾಸ ನೋಡಿ ತಡೆಯಬಲ್ಲದು, ಒಳಗಿನ ಕಾಗದ ಓದಲಾರದು, ಒಳಗಿನ ಕುಕ್ಕಿ ತೆಗೆಯಲಾರದು. 2020ರ ನಂತರದ ಆವೃತ್ತಿಗಳಲ್ಲಿ ಲಕೋಟೆ ಒಡೆದು ನೋಡುವ ವ್ಯವಸ್ಥೆಯೂ ಇದೆ. ಹತ್ತು ಜನರ ಬ್ಯಾಂಕ್ ಪಾಸ್‌ವರ್ಡ್ ಓಡಾಡುವ ಕಂಪ್ಯೂಟರಿನಲ್ಲಿ ಅದನ್ನು ಚಾಲೂ ಮಾಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಇನ್ನು, ಪ್ರಿವಾಕ್ಸಿ ನೀವು ಎಲ್ಲಿಂದ ನೋಡುತ್ತಿದ್ದೀರಿ ಎಂಬುದನ್ನು ಮರೆಮಾಡುವುದಿಲ್ಲ, ವೈರಸ್ ಹಿಡಿಯುವುದಿಲ್ಲ, ಯೂಟ್ಯೂಬ್ ಜಾಹೀರಾತು ನಿಲ್ಲಿಸುವುದಿಲ್ಲ, ಫೋನ್ ಮಾಡಿ ಓಟಿಪಿ ಕೇಳುವ ಕಳ್ಳನನ್ನಂತೂ ತಡೆಯುವುದೇ ಇಲ್ಲ. ಹಾಗೆ ದುಡ್ಡು ಹೋದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ. ಮೊದಲ ಒಂದೆರಡು ಗಂಟೆಯಲ್ಲಿ ತಿಳಿಸಿದರೆ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಗರ್ಭಕೋಶದ ವಿಷಯ ಓದಿದ ಆ ಹೆಣ್ಣುಮಗಳಿಗೆ ಪ್ರಿವಾಕ್ಸಿ ಒಂದೇ ಸಾಕಾಗುತ್ತಿತ್ತೇ? ಇಲ್ಲ. ಆ ಜಾಹೀರಾತುಗಳಲ್ಲಿ ಬಹಳಷ್ಟು ನಿಲ್ಲುತ್ತಿದ್ದವು, ನಿಜ. ಆದರೆ ಬ್ರೌಸರಿನ ಹಿಸ್ಟರಿಯಲ್ಲಿ ಹುಡುಕಿದ್ದು ಹಾಗೇ ಉಳಿದಿರುತ್ತಿತ್ತು. ಹಂಚಿಕೊಂಡು ಬಳಸುವ ಕಂಪ್ಯೂಟರಿನಲ್ಲಿ ಪ್ರೈವೇಟ್ ವಿಂಡೋದಲ್ಲೇ ಕೆಲಸ ಮಾಡಿ, ಎದ್ದೇಳುವಾಗ ಮುಚ್ಚಿ. ಫೈರ್‌ಫಾಕ್ಸಿಗೆ ಕಂಟ್ರೋಲ್, ಶಿಫ್ಟ್, ಪಿ. ಕ್ರೋಮಿಗೆ ಕಂಟ್ರೋಲ್, ಶಿಫ್ಟ್, ಎನ್.

ಇನ್ನೊಂದು ಜಾಗವನ್ನು ಯಾರೂ ನೋಡುವುದಿಲ್ಲ, ಅದು ಡೌನ್‌ಲೋಡ್ಸ್ ಫೋಲ್ಡರ್. ಒಮ್ಮೆ ತೆರೆದು ನೋಡಿ, ಅರ್ಧ ಊರಿನ ಆಧಾರ್ ಅಲ್ಲೇ ಇರುತ್ತದೆ. "ಅದಕ್ಕೆ ಪಾಸ್‌ವರ್ಡ್ ಇದೆಯಲ್ಲಾ" ಅನ್ನುತ್ತಾರೆ. ಇಳಿಸಿದ ಇ-ಆಧಾರ್ ಫೈಲಿನ ಪಾಸ್‌ವರ್ಡ್ ಏನು? ಹೆಸರಿನ ಮೊದಲ 4 ಇಂಗ್ಲಿಷ್ ಅಕ್ಷರ ಮತ್ತು ಹುಟ್ಟಿದ ಇಸವಿ. ಒಂದೇ ಊರಿನವರಿಗೆ ಅದು ಗುಟ್ಟೇ? 2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ ಈ ಬಗ್ಗೆ ಒಂದು ಪ್ರಕಟಣೆ ಹೊರಡಿಸಿ, ಸಾರ್ವಜನಿಕ ಕಂಪ್ಯೂಟರಿನಲ್ಲಿ ಇ-ಆಧಾರ್ ಇಳಿಸಬೇಡಿ, ಇಳಿಸಿದರೆ ಪ್ರತಿಗಳನ್ನು ಪೂರ್ತಿ ಅಳಿಸಿ ಎಂದಿತ್ತು. ಜನರು ತಪ್ಪು ತಿಳಿದಾರು ಎಂದು ಕೇಂದ್ರ ಸರ್ಕಾರ ಎರಡೇ ದಿನದಲ್ಲಿ ಅದನ್ನು ಹಿಂತೆಗೆದುಕೊಂಡಿತು. ಹಿಂತೆಗೆದರೂ ಈ ಒಂದು ಸಲಹೆ ಒಳ್ಳೆಯದೇ ಆಗಿತ್ತು ಎಂದು ನನಗನ್ನಿಸುತ್ತದೆ. ಪ್ರಿಂಟ್ ಆದ ಮೇಲೆ ಫೈಲನ್ನು ಶಿಫ್ಟ್ ಮತ್ತು ಡಿಲೀಟ್ ಒಟ್ಟಿಗೆ ಒತ್ತಿ ಅಳಿಸಿ. ಬರೀ ಡಿಲೀಟ್ ಒತ್ತಿದರೆ ರೀಸೈಕಲ್ ಬಿನ್‌ನಲ್ಲಿ ಕೂತಿರುತ್ತದೆ. ಸಾಧ್ಯವಿದ್ದ ಕಡೆ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ.

ಸಂಘದ ಕಂಪ್ಯೂಟರ್ ನೋಡಿಕೊಳ್ಳುವ ಅಕ್ಕಂದಿರು ಒಂದು ರಟ್ಟಿನ ಮೇಲೆ 127.0.0.1 ಮತ್ತು 8118 ಎಂದು ದೊಡ್ಡದಾಗಿ ಬರೆದು, ಅದರ ಕೆಳಗೆ "ನೆಟ್ ಬರದಿದ್ದರೆ ಮೊದಲು ಪ್ರಿವಾಕ್ಸಿ ನೋಡಿ" ಎಂದು ಸೇರಿಸಿ ಮಾನಿಟರಿನ ಪಕ್ಕ ಅಂಟಿಸಿಡಿ. ಕಂಪ್ಯೂಟರಿನ ಪಾಸ್‌ವರ್ಡನ್ನು ಮಾತ್ರ ಅದೇ ರಟ್ಟಿನ ಮೇಲೆ ಬರೆಯಬೇಡಿ, ಹಾಗೆ ಬರೆದದ್ದನ್ನೂ ನೋಡಿದ್ದೇನೆ.