ಕಿಸೆಯಲ್ಲೇ ಜಗಜಟ್ಟಿ! ಆದರೆ ಆಟ ಕಲಿಸುವವರು ಯಾರು?

ಹಾವೇರಿ: ಬ್ಯಾಡಗಿ ಪೇಟೆಗೆ ಬರುವ ಖರೀದಿದಾರ ಮೆಣಸಿನಕಾಯಿಯ ಖಾರ ನೋಡಿ ದರ ಕಟ್ಟುವುದಿಲ್ಲ, ಬಣ್ಣ ನೋಡಿ ಕಟ್ಟುತ್ತಾನೆ. ಬರೀ ಖಾರವೇ ಬೇಕೆಂದರೆ ಗುಂಟೂರಿನ ಮಾಲು ಇದ್ದೇ ಇದೆ. ಕಂಪ್ಯೂಟರಿಗೋ ಮೊಬೈಲಿಗೋ ಚೆಸ್ ಆಟದ ಸಾಫ್ಟ್‌ವೇರ್ ಹಾಕಿಸಿಕೊಳ್ಳುವವರು ಮಾತ್ರ ಇನ್ನೂ ಖಾರವನ್ನೇ ಕೇಳುತ್ತಾರೆ. “ಎಲ್ಲಕ್ಕಿಂತ ಜೋರ್ ಆಡೂದು ಯಾವುದ್ರೀ?” ಎಂಬುದೇ ಮೊದಲ ಪ್ರಶ್ನೆ.

ಆ ಪ್ರಶ್ನೆ ಹಳತಾಗಿ ಬಹಳ ಕಾಲವಾಯ್ತು. 1997ರ ಮೇ ತಿಂಗಳಲ್ಲಿ, ಅಂದರೆ ಹಾವೇರಿ ಇನ್ನೂ ಧಾರವಾಡ ಜಿಲ್ಲೆಯೊಳಗೇ ಇದ್ದಾಗ, ಐಬಿಎಂ ಕಂಪನಿಯ ಡೀಪ್ ಬ್ಲೂ ಎಂಬ ಯಂತ್ರ ನ್ಯೂಯಾರ್ಕಿನಲ್ಲಿ ವಿಶ್ವ ಚಾಂಪಿಯನ್ ಕ್ಯಾಸ್ಪರೋವ್‌ನನ್ನು ಮಣಿಸಿತು. ಆರು ಆಟ, ಮೂರೂವರೆಗೆ ಎರಡೂವರೆ. ಕಪಾಟಿನ ಗಾತ್ರದ ಆ ಯಂತ್ರ ಸೆಕೆಂಡಿಗೆ ಸುಮಾರು 20 ಕೋಟಿ ಸ್ಥಿತಿಗಳನ್ನು ಎಣಿಸುತ್ತಿತ್ತಂತೆ.

ಹನ್ನೆರಡು ವರ್ಷ ಕಳೆಯಿತು. 2009ರಲ್ಲಿ ಬ್ಯೂನಸ್ ಐರಿಸ್ ಪಟ್ಟಣದ ಪಂದ್ಯಾವಳಿಯೊಂದರಲ್ಲಿ ಪಾಕೆಟ್ ಫ್ರಿಟ್ಜ್ ಎಂಬ ಸಾಫ್ಟ್‌ವೇರ್ ಒಂದು ಎಚ್‌ಟಿಸಿ ಮೊಬೈಲಿನಲ್ಲಿ ಕೂತು 10ಕ್ಕೆ ಒಂಬತ್ತೂವರೆ ಪಾಯಿಂಟ್ ಬಾಚಿಕೊಂಡಿತು. ಅದು ಎಣಿಸುತ್ತಿದ್ದದ್ದು ಸೆಕೆಂಡಿಗೆ 20 ಸಾವಿರಕ್ಕಿಂತ ಕಡಿಮೆ. ಕೋಟಿ ಎಲ್ಲಿ, ಸಾವಿರ ಎಲ್ಲಿ! ಯಾವ ನಡೆಯನ್ನು ನೋಡುವುದೇ ದಂಡ ಎಂಬುದು ಅದಕ್ಕೆ ಗೊತ್ತಾಗಿತ್ತು, ಅಷ್ಟೇ.

ಈಗ ಸ್ಟಾಕ್‌ಫಿಶ್ ಎಂಬ ಎಂಜಿನ್ ಪುಕ್ಕಟೆ ಸಿಗುತ್ತದೆ. 2008ರಲ್ಲಿ ಹುಟ್ಟಿದ್ದು, 2020ರಲ್ಲಿ ಕೋಟ್ಯಂತರ ಸ್ಥಿತಿಗಳನ್ನು ತೋರಿಸಿ ಪಳಗಿಸಿದ ನರಜಾಲವೂ ಅದಕ್ಕೆ ಸೇರಿತು. ಸಾಧಾರಣ ಬೆಲೆಯ ಫೋನಿನಲ್ಲೇ ಅದು ವಿಶ್ವ ಚಾಂಪಿಯನ್ನರಿಗೂ ನಿಲುಕದ ಆಟ ಆಡುತ್ತದೆ. ಹಾಗಿರುವಾಗ ಯಾವುದು ಜೋರು ಎಂದು ಕೇಳಿ ರೊಕ್ಕ ಸುರಿಯುವುದರಲ್ಲಿ ಅರ್ಥವೇನು? ಎಲ್ಲವೂ ಸೋಲಿಸುತ್ತವೆ. ಕೇಳಬೇಕಾದದ್ದು, ಸೋತವನಿಗೆ ಏನು ಸಿಕ್ಕಿತು ಎಂದು.

ಮೊದಲ ಪರೀಕ್ಷೆ, ಸಾಫ್ಟ್‌ವೇರ್ ಹೇಗೆ ಸೋಲುತ್ತದೆ ಎಂಬುದು. ಕೆಳಗಿನ ದರ್ಜೆಗೆ ಇಳಿಸಿದರೆ ಕೆಲವು ಸಾಫ್ಟ್‌ವೇರ್‌ಗಳು ಹತ್ತು ನಡೆ ಪೈಲವಾನನಂತೆ ಆಡಿ, ಹನ್ನೊಂದನೆಯದಕ್ಕೆ ಸುಮ್ಮಸುಮ್ಮನೆ ಮಂತ್ರಿಯನ್ನೇ ತಂದು ಬಾಯಿಗೆ ಕೊಡುತ್ತವೆ. ಇದು ಮನುಷ್ಯರ ತಪ್ಪಲ್ಲ. ಹುಡುಗ ಗೆದ್ದೆ ಅಂತ ಕುಣಿಯುತ್ತಾನೆ, ಕಲಿತದ್ದು ಮಾತ್ರ ಸೊನ್ನೆ. ಇದಕ್ಕೆಂದೇ 2020ರಲ್ಲಿ ಮಾಯಾ ಎಂಬ ಎಂಜಿನ್ ಬಂತು. ಸಾಮಾನ್ಯ ಆಟಗಾರರ ಲಕ್ಷಾಂತರ ಆಟಗಳನ್ನು ನೋಡಿ, ಅವರು ಎಡವುವಂತೆಯೇ ಎಡವಲು ಕಲಿತದ್ದು ಅದು. ಲಿಚೆಸ್ ತಾಣದಲ್ಲಿ ಅದರ ಜೊತೆ ಆಡಬಹುದು. ಲಿಚೆಸ್ ನಡೆಯುವುದು ದೇಣಿಗೆಯ ಮೇಲೆ. ಜಾಹೀರಾತಿಲ್ಲ, ಚಂದಾ ಇಲ್ಲ. ಚೆಸ್ ಡಾಟ್ ಕಾಮ್‌ನಲ್ಲೂ ಬಿಟ್ಟಿ ಆಡಬಹುದು. ಆಡಿದ ಆಟವನ್ನು ಅದರಿಂದಲೇ ಬೇಕಾದಷ್ಟು ಸಲ ವಿಮರ್ಶೆ ಮಾಡಿಸಬೇಕೆಂದರೆ ಚಂದಾ ಕಟ್ಟಬೇಕು.

ಎರಡನೆಯದು ಬಸ್ಸಿನವರ ಪರೀಕ್ಷೆ. ಹಾವೇರಿಯಿಂದ ರಾಣೆಬೆನ್ನೂರಿಗೆ ದಿನಾ ಓಡಾಡುವವರಿಗೆ ಮೋಟೆಬೆನ್ನೂರು ಬರುವಷ್ಟರಲ್ಲಿ ಒಂದು ಆಟ ಮುಗಿಸುವ ಆಸೆ. ನಡುವೆ ನೆಟ್‌ವರ್ಕ್ ಹೋಯಿತೆಂದರೆ ನೆಟ್ ಬೇಡುವ ಆಟ ಅಲ್ಲೇ ಖತಂ. ಮನೆಯಲ್ಲೇ ಫೋನನ್ನು ಫ್ಲೈಟ್ ಮೋಡಿಗೆ ಹಾಕಿ ನೋಡಿದರೆ ಗೊತ್ತಾಗುತ್ತದೆ, ಆಟ ನಡೆದರೆ ಇಟ್ಟುಕೊಳ್ಳಿ. ಆಂಡ್ರಾಯ್ಡ್ ಫೋನಿನ ಡ್ರಾಯ್ಡ್‌ಫಿಶ್‌ನಲ್ಲಿ ಎಂಜಿನ್ ಒಳಗೇ ಇರುವುದರಿಂದ ನೆಟ್ ಬೇಕಿಲ್ಲ. ಆದರೆ ವಿಶ್ಲೇಷಣೆಗೆ ಹಚ್ಚಿ ಮರೆತರೆ ಎಂಜಿನ್ ತಾನಾಗಿ ನಿಲ್ಲುವುದಿಲ್ಲ. ಫೋನು ಬಿಸಿಯಾಗಿ, ಇಳಿಯುವ ಹೊತ್ತಿಗೆ ಬ್ಯಾಟರಿ ತಳ ಕಂಡಿರುತ್ತದೆ.

ಹಾಗಾದರೆ ಅಂಗಡಿಯ ಬಿಲ್ ಕಂಪ್ಯೂಟರಿನಲ್ಲಿ ಏನು ಲಾಭ? ಜೋರಿನ ಲಾಭವಲ್ಲ, ಹರವಿನ ಲಾಭ. ದೊಡ್ಡ ಹಲಗೆ, ಪಕ್ಕದಲ್ಲಿ ನಡೆಗಳ ಪಟ್ಟಿ, ಹಳೆಯ ಆಟಗಳ ಕಡತ, ಎಲ್ಲ ಒಂದೇ ಪರದೆಯ ಮೇಲೆ. ಕೂತು ಕಲಿಯುವುದಕ್ಕೆ ಅದೇ ಸರಿ. ವಿಂಡೋಸ್‌ಗೆ ಲ್ಯೂಕಾಸ್ ಚೆಸ್ ಎಂಬುದು ಬಿಟ್ಟಿಯಾಗಿ ಸಿಗುತ್ತದೆ. ತೀರಾ ಎಳಸಿನಿಂದ ಹಿಡಿದು ಪ್ರಚಂಡನವರೆಗೆ ಸಾಲಾಗಿ ಎದುರಾಳಿಗಳಿದ್ದಾರೆ. ಇಷ್ಟೆಲ್ಲ ಪುಕ್ಕಟೆ ಇರುವಾಗ ಯಾರೋ ಕೊಟ್ಟ ಕಳ್ಳ ಪ್ರತಿ ಹಾಕಿ, ಉದ್ರಿ ಲೆಕ್ಕ ಇರುವ ಕಂಪ್ಯೂಟರಿಗೆ ವೈರಸ್ ಅಂಟಿಸಿಕೊಳ್ಳುವುದು ಯಾವ ಜಾಣತನವೋ!

ಅಂಕಿಗಳ ವಿಷಯದಲ್ಲಿ ಮೋಸ ಹೋಗುವವರೇ ಹೆಚ್ಚು. “ನಮ್ಮ ಹುಡುಗ 1500 ಮುಟ್ಟ್ಯಾನ್ರೀ” ಎಂದು ಹೆಮ್ಮೆಪಡುವ ಅಪ್ಪಂದಿರು ತಿಳಿಯಬೇಕಾದ್ದು, ಲಿಚೆಸ್‌ನಲ್ಲಿ ಹೊಸಬರಿಗೆಲ್ಲ ಲೆಕ್ಕ ಶುರುವಾಗುವುದೇ 1500ರಿಂದ. ಅಂತರರಾಷ್ಟ್ರೀಯ ಸಂಸ್ಥೆ ಫಿಡೆಯ ರೇಟಿಂಗ್ ಬೇರೆ, ಆ್ಯಪಿನ ರೇಟಿಂಗ್ ಬೇರೆ. ಒಂದು ಅಂಗಡಿಯ ತಕ್ಕಡಿಯಲ್ಲಿ ತೂಗಿದ್ದನ್ನು ಇನ್ನೊಂದು ಅಂಗಡಿಯ ಕಲ್ಲಿನಿಂದ ಅಳೆದರೆ ಜಗಳವೇ ಆದೀತು. ಪರದೆಯ ಮೇಲೆ ಕಾಣುವ +1 ಎಂಬ ಗುರುತಿಗೆ ಮೊದಲು ಒಂದು ಕಾಲಾಳು ಹೆಚ್ಚಿಗೆ ಎಂಬ ಅರ್ಥವಿತ್ತು. 2022ರ ಡಿಸೆಂಬರ್‌ನಿಂದ ಸ್ಟಾಕ್‌ಫಿಶ್ ಅದನ್ನೂ ಬದಲಿಸಿತು. ಈಗ +1 ಎಂದರೆ ಬಿಳಿಯರು ಗೆಲ್ಲುವ ಸಾಧ್ಯತೆ ನೂರಕ್ಕೆ ಐವತ್ತು. ಅದೂ ಎಂಜಿನ್ನಿನ ಎದುರು ಎಂಜಿನ್ ಆಡಿದರೆ. ಇಬ್ಬರು ಕಿರಾಣಿ ಅಂಗಡಿಯವರು ಆಡಿದರೆ ಆ ಲೆಕ್ಕ ಹಿಡಿಯುವುದಿಲ್ಲ.

ಮಕ್ಕಳ ಕೈಗೆ ಎಂಜಿನ್ ಯಾವಾಗ ಕೊಡಬೇಕು? ಚೆನ್ನೈನ ಗುಕೇಶ್ 2024ರ ಡಿಸೆಂಬರ್‌ನಲ್ಲಿ 18ನೇ ವಯಸ್ಸಿಗೇ ವಿಶ್ವ ಚಾಂಪಿಯನ್ ಆದ ಹುಡುಗ. ಅವನ ಕೋಚ್ ವಿಷ್ಣು ಪ್ರಸನ್ನ, ಹುಡುಗ ಗ್ರ್ಯಾಂಡ್‌ಮಾಸ್ಟರ್ ಆಗುವವರೆಗೂ ಎಂಜಿನ್ ಮುಟ್ಟಲು ಬಿಟ್ಟಿರಲಿಲ್ಲ. ಮೊದಲು ತಲೆಯಿಂದ ಲೆಕ್ಕ, ಆಮೇಲೆ ಯಂತ್ರದ ತಾಳೆ. ಇಲ್ಲಿ ಮೂರನೇ ತರಗತಿಯವನಿಗೇ ಟ್ಯಾಬ್ ಕೊಡಿಸಿ, ತಪ್ಪು ನಡೆ ಇಟ್ಟ ಕೂಡಲೇ ಕೆಂಪು ಗುರುತು ತೋರಿಸಿದರೆ ಹುಡುಗ ಗುರುತು ಓದಲು ಕಲಿತಾನು, ಹಲಗೆ ಓದಲು ಕಲಿಯುವುದಿಲ್ಲ. ದಿನಾ ಸೋತು ಬೇಸತ್ತು ಆಟವನ್ನೇ ಬಿಟ್ಟರೂ ಬಿಟ್ಟಾನು.

ಇನ್ನೊಂದು ಚಟವೂ ಹತ್ತಿಕೊಳ್ಳುತ್ತದೆ: ಆನ್‌ಲೈನ್ ಆಡುವಾಗ ಪಕ್ಕದ ಫೋನಿನಲ್ಲಿ ಎಂಜಿನ್ ಕೇಳುವುದು. ದೊಡ್ಡವರೂ ಇದಕ್ಕೆ ಹೊರತಲ್ಲ. 2021ರ ಜೂನ್‌ನಲ್ಲಿ ಕೊರೊನಾ ಪರಿಹಾರಕ್ಕೆ ಹಣ ಕೂಡಿಸಲು ನಡೆದ ಆಟದಲ್ಲಿ ಬೆಂಗಳೂರಿನ ಉದ್ಯಮಿ ನಿಖಿಲ್ ಕಾಮತ್ ವಿಶ್ವನಾಥನ್ ಆನಂದ್‌ರನ್ನು ಸೋಲಿಸಿ ಎಲ್ಲರೂ ಬಾಯಿ ತೆರೆಯುವಂತೆ ಮಾಡಿದರು. ಮರುದಿನವೇ ಕಂಪ್ಯೂಟರಿನ ಮತ್ತು ಬೇರೆಯವರ ನೆರವು ಪಡೆದದ್ದಾಗಿ ತಾವೇ ಹೇಳಿ ಕ್ಷಮೆ ಕೇಳಿದರು. ಮನುಷ್ಯನ ಆಟಕ್ಕೂ ಎಂಜಿನ್ನಿನ ಆಟಕ್ಕೂ ತಾಳೆ ನೋಡುವ ಏರ್ಪಾಡು ಈ ತಾಣಗಳಲ್ಲಿದೆ. ಸಿಕ್ಕವರ ಖಾತೆ ಮುಚ್ಚುತ್ತಾರೆ.

ಕಟ್ಟೆಯ ಮೇಲೆ ಆಡುವ ಹಿರಿಯರ ತಕರಾರೇ ಬೇರೆ. ಅವರು ಕಲಿತ ದೇಶೀ ಚದುರಂಗದಲ್ಲಿ ಕಾಲಾಳು ಮೊದಲ ಸಲವೂ ಒಂದೇ ಮನೆ ನಡೆಯುತ್ತದೆ, ರಾಜನು ಒಮ್ಮೆ ಮಾತ್ರ ಕುದುರೆಯ ಹಾಗೆ ಹಾರಬಹುದು. ಮೇಲೆ ಹೇಳಿದ ಸಾಫ್ಟ್‌ವೇರ್‌ಗಳು ಆಡುವುದು ಅಂತರರಾಷ್ಟ್ರೀಯ ನಿಯಮ. ಅಲ್ಲಿ ರಾಜನನ್ನು ಹಾರಿಸಲು ಎಷ್ಟು ಒತ್ತಿದರೂ ಅವನು ಜಪ್ಪಯ್ಯ ಅನ್ನುವುದಿಲ್ಲ. “ಕೆಟ್ಟೈತೇನಪಾ ಇದು?” ಎಂದು ಅಜ್ಜ ಫೋನನ್ನು ಮೊಮ್ಮಗನಿಗೆ ಚಾಚುವ ಮೊದಲು, ಮೊಮ್ಮಗನೇ ಎರಡೂ ನಿಯಮ ಬಿಡಿಸಿ ಹೇಳಿಬಿಡುವುದು ಒಳ್ಳೇದು.