ನಿಮಗಿದು ಗೊತ್ತೇ? ಗೋದಾವರಿಯ ನಡುಗಡ್ಡೆಗಳನ್ನು ಕಾಯುವವರು ಯಾರು?

ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕನ್ನಡ ನಾಡಿನ ಎಲ್ಲೆ ಹೇಳುವಾಗ ತೆಂಕಣಕ್ಕೆ ಕಾವೇರಿಯನ್ನೂ ಬಡಗಣಕ್ಕೆ ಗೋದಾವರಿಯನ್ನೂ ಹೆಸರಿಸುತ್ತದೆ. ಆ ಬಡಗಣ ಹೊಳೆಯ ಮೇಲೆ ಇವತ್ತು ಎರಡು ದೊಡ್ಡ ಪಕ್ಷಿಧಾಮಗಳಿವೆ. ಒಂದು ನಾಸಿಕ್ ಜಿಲ್ಲೆಯ ನಾಂದೂರ್ ಮಧ್ಮೇಶ್ವರ, ಇನ್ನೊಂದು ಛತ್ರಪತಿ ಸಂಭಾಜಿನಗರ ಜಿಲ್ಲೆಯ ಪೈಠಣದ ಬಳಿ ಇರುವ ನಾಥಸಾಗರ, ಅಂದರೆ ಜಾಯಕವಾಡಿ ಜಲಾಶಯ. ಮೊದಲನೆಯದರ ನೀರೇ ಹರಿದು ಎರಡನೆಯದನ್ನು ಸೇರುತ್ತದೆ.

ನಾಂದೂರ್ ಮಧ್ಮೇಶ್ವರದ ಕೆರೆ ಹುಟ್ಟಿನಿಂದ ಕೆರೆಯಲ್ಲ. ನಿಫಾಡ್ ತಾಲ್ಲೂಕಿನಲ್ಲಿ ಗೋದಾವರಿಗೆ ಕಾದವಾ ನದಿ ಬಂದು ಕೂಡುವಲ್ಲಿ 1907ರಿಂದ 1913ರವರೆಗೆ ಒಂದು ಒಡ್ಡು ಕಟ್ಟಿದರು. ಉದ್ದೇಶ ನೀರಾವರಿ. ವರ್ಷ ವರ್ಷವೂ ಹೂಳು ಬಂದು ನಿಂತು, ಆಳ ಕಡಿಮೆಯಾಗಿ, ಜೊಂಡು ಬೆಳೆದು, ಪುಟ್ಟ ಪುಟ್ಟ ನಡುಗಡ್ಡೆಗಳು ಎದ್ದವು. ಕಾಲು ಊರಿ ನಿಂತು ಮೇಯುವ ಹಕ್ಕಿಗೆ ಮೊಣಕಾಲುದ್ದದ ಕೆಸರುನೀರೇ ಬೇಕು. ನೀರಾವರಿಯ ಲೆಕ್ಕದಲ್ಲಿ ನಷ್ಟವೆಂದು ಬರೆದಿಟ್ಟ ಹೂಳು ಇಲ್ಲಿ ಹಕ್ಕಿಗಳ ಅನ್ನವಾಯಿತು.

ಮಹಾರಾಷ್ಟ್ರದ ಮೊದಲ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಒಪ್ಪಂದದಡಿ ಗುರುತಿಸಿದ ಜೌಗುಪ್ರದೇಶ, ಇದೇ. ಪಟ್ಟಿಗೆ ಸೇರಿದ್ದು 2019ರಲ್ಲಿ, ಸುದ್ದಿ ಹೊರಬಿದ್ದದ್ದು 2020ರ ಜನವರಿಯಲ್ಲಿ. ಸುತ್ತಲಿನವರು ಇದನ್ನು, ರಾಜಸ್ಥಾನದ ಹೆಸರಾಂತ ಪಕ್ಷಿಧಾಮಕ್ಕೆ ಹೋಲಿಸಿ, ‘ಮಹಾರಾಷ್ಟ್ರದ ಭರತಪುರ’ ಎನ್ನುತ್ತಾರೆ. ಆ ಹೆಸರು ಇಟ್ಟವರು ಪಕ್ಷಿತಜ್ಞ ಸಲೀಂ ಅಲಿ ಎಂದೂ ಹೇಳುತ್ತಾರೆ.

ಈ ತಾಣದಲ್ಲಿ ದಾಖಲಾದ ಜೀವಿಗಳ ಜಾತಿ 536. ಅದರಲ್ಲಿ ಚಿರತೆಯೂ ಉಂಟು, ನಮ್ಮ ಶ್ರೀಗಂಧವೂ ಉಂಟು. ನನ್ನ ಮನಸ್ಸು ನಿಂತದ್ದು ಮಾತ್ರ ಒಂದು ಸಣ್ಣ ಮೀನಿನ ಮೇಲೆ. ನಾಸಿಕ್ ಪಕ್ಕದ ದೇವಳಾಲಿ ಊರಿನ ಹೆಸರನ್ನೇ ಹೊತ್ತ ಈ ಮೀನನ್ನು ವಿಜ್ಞಾನಿಗಳು ಗುರುತಿಸಿ ಹೆಸರಿಟ್ಟದ್ದು 1938ರಲ್ಲಿ. ಇಂದು ಅದು ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ. ಹುಲಿಗೆ, ಆನೆಗೆ ಇರುವ ಅಭಿಮಾನಿಗಳು ಇಂಥ ಮೀನಿಗಿಲ್ಲ. ಅದರ ಇರವು ಅಳಿವನ್ನು ಮೊದಲು ಕಾಣುವವನು ಬಲೆ ಎಳೆಯುವ ಬೆಸ್ತ. ಹಾಗಿರುವಾಗ ಅವನನ್ನು ಕೇಳದೆ ಅದನ್ನು ಉಳಿಸುವ ಯೋಜನೆ ಬರೆಯುವುದಾದರೂ ಹೇಗೆ?

1986ರಲ್ಲಿ ನಾಂದೂರ್ ಮಧ್ಮೇಶ್ವರವನ್ನು ಅಭಯಾರಣ್ಯ ಎಂದು ಸಾರಿದಾಗ ಗೆರೆ ಎಳೆದದ್ದು ಸುಮಾರು 100 ಚದರ ಕಿಲೋಮೀಟರಿಗೆ. ರಾಮ್ಸಾರ್ ಪಟ್ಟಿಗೆ ಹೋದದ್ದು 1,437 ಹೆಕ್ಟೇರ್, ಅಂದರೆ ಸುಮಾರು 14 ಚದರ ಕಿಲೋಮೀಟರ್ ಮಾತ್ರ. ನಿಫಾಡ್ ಎಂದರೆ ದ್ರಾಕ್ಷಿ, ಕಬ್ಬು, ಈರುಳ್ಳಿಯ ಸೀಮೆ. ಹೆಸರಾಂತ ಲಾಸಲಗಾಂವ್ ಈರುಳ್ಳಿ ಮಾರುಕಟ್ಟೆ ಇರುವುದೂ ಇದೇ ತಾಲ್ಲೂಕಿನಲ್ಲಿ. ಇಂಥ ನೆಲದಲ್ಲಿ ಒಂದು ಗೆರೆ ಹೊಲದ ಮೇಲೆ ಹಾದುಹೋದರೆ ರೈತನಿಗೆ ಹಕ್ಕಿಗಿಂತ ಮೊದಲು ಪಹಣಿಯ ಚಿಂತೆ ಹತ್ತುತ್ತದೆ. ಅದು ತಪ್ಪಲ್ಲ.

ಚಾಪಡ್‌ಗಾಂವ್ ಎಂಬ ಹಳ್ಳಿ ಗೊತ್ತೇ? ಹಕ್ಕಿ ನೋಡಲು ಬರುವವರು ಒಳಗೆ ಹೋಗುವುದು ಈ ಊರಿನಿಂದ. ಅಲ್ಲಿನ ಯುವಕರು ದುರ್ಬೀನು ಹಿಡಿದು ಮಾರ್ಗದರ್ಶಿಗಳಾಗಿ ದುಡಿಯುತ್ತಾರೆ. ಹಕ್ಕಿ ಬಂದರೆ ಊರಿಗೆ ನಾಲ್ಕು ಕಾಸು ಬರುತ್ತದೆ ಎಂದಾದಾಗ ಕಾವಲು ತಾನಾಗಿ ಹುಟ್ಟುತ್ತದೆ. ಇದನ್ನು ಸ್ವಾರ್ಥ ಎನ್ನುವವರಿದ್ದಾರೆ. ನನಗೆ ಇದು ನ್ಯಾಯ ಎನಿಸುತ್ತದೆ.

ಈ ತಾಣಕ್ಕೆ ದೊಡ್ಡ ಶತ್ರು ಬೇಟೆಗಾರನಲ್ಲ, ನೀರ ಮೇಲೆ ಹಬ್ಬುವ ಅಂತರಗಂಗೆ ಕಳೆ. ಪಟ್ಟಣದ ಕೊಳಕು ನೀರು ಸೇರಿದಷ್ಟೂ ಅದು ಕೊಬ್ಬುತ್ತದೆ. ಹೊಳೆಯ ಮೇಲ್ಗಡೆ ಇರುವುದು ನಾಸಿಕ್ ನಗರ.

ಈಗ ಹೊಳೆಗುಂಟ ಕೆಳಗಿಳಿಯೋಣ. ಜಾಯಕವಾಡಿ ಅಣೆಕಟ್ಟು ಜಾಯಕವಾಡಿಯಲ್ಲಿಲ್ಲ! ಮೊದಲು ಯೋಜನೆ ಹಾಕಿದ್ದು ಬೀಡ್ ಜಿಲ್ಲೆಯ ಜಾಯಕವಾಡಿ ಎಂಬ ಹಳ್ಳಿಯಲ್ಲಿ. ಆಮೇಲೆ ಜಾಗ ಪೈಠಣಕ್ಕೆ ಬದಲಾಯಿತು, ಹೆಸರು ಹಾಗೇ ಉಳಿಯಿತು. 1965ರ ಅಕ್ಟೋಬರ್‌ನಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದರು, 1976ರ ಫೆಬ್ರವರಿಯಲ್ಲಿ ಇಂದಿರಾ ಗಾಂಧಿಯವರು ಉದ್ಘಾಟಿಸಿದರು. ಕಟ್ಟೆಯ ಉದ್ದ ಸುಮಾರು 10 ಕಿಲೋಮೀಟರ್, ಗೇಟುಗಳು 27.

‘ನಾಥಸಾಗರ’ದ ನಾಥ ಎಂದರೆ ಪೈಠಣದ ಸಂತ ಏಕನಾಥರು. ಅವರ ಮುತ್ತಜ್ಜ ಭಾನುದಾಸರು ವಿಜಯನಗರದಿಂದ ವಿಠ್ಠಲನ ಮೂರ್ತಿಯನ್ನು ಪಂಢರಪುರಕ್ಕೆ ಮರಳಿ ತಂದರೆಂಬುದು ವಿಠ್ಠಲನ ಭಕ್ತರಾದ ವಾರಕರಿಗಳ ನಂಬಿಕೆ. ಹಂಪೆಗೂ ಈ ನೀರಿಗೂ ಇರುವ ನಂಟು ಇದು.

ತುಂಬಿದಾಗ ನಾಥಸಾಗರದ ಹರವು ಸುಮಾರು 350 ಚದರ ಕಿಲೋಮೀಟರ್. ನಡುವೆ ಸುಮಾರು ಮೂವತ್ತು ನಡುಗಡ್ಡೆಗಳಿವೆ. ಮರಗಳು ಬೆಳೆದು ಹಕ್ಕಿಗಳಿಗೆ ರಾತ್ರಿಯ ತಂಗುದಾಣವಾಗಿವೆ. ಸಮುದ್ರವಿಲ್ಲದ ಮರಾಠವಾಡಾಕ್ಕೆ ಇದೇ ಸಮುದ್ರ, ಇವೇ ದ್ವೀಪಗಳು. 1986ರಲ್ಲಿ ಇದೂ ಪಕ್ಷಿಧಾಮವಾಯಿತು. ಚಳಿಗಾಲದಲ್ಲಿ ರಾಜಹಂಸಗಳು ಬರುತ್ತವೆ. ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ನಾವು ಎದುರುನೋಡುವ ಪಟ್ಟೆತಲೆಯ ಹೆಬ್ಬಾತುಗಳೂ ಬರುತ್ತವೆ.

‘ಗಾಳ್‌ಪೇರ್’ ಎಂಬ ಮರಾಠಿ ಮಾತು ಕೇಳಿದ್ದೀರಾ? ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಬಯಲಾಗುವ ಹೂಳು ನೆಲದಲ್ಲಿ ಬಿತ್ತುವ ಬೆಳೆ ಅದು. ಮುಳುಗಡೆಯಲ್ಲಿ ಹೊಲ ಕಳೆದುಕೊಂಡವರಿಗೆ ಕೆಲವು ತಿಂಗಳು ತಮ್ಮ ಹಳೆಯ ಸೀಮೆಯಲ್ಲೇ ನಿಂತಂತೆ. ಆದರೆ ಅದೇ ಅಂಚಿನ ಕೆಸರು ಹಕ್ಕಿಯ ಮೇವಿನ ಜಾಗವೂ ಹೌದು. ಯಾವ ಅಂಚು ಬಿತ್ತನೆಗೆ, ಯಾವ ಅಂಚು ಹಕ್ಕಿಗೆ ಎಂಬುದನ್ನು ದಂಡೆಯ ಊರವರೊಂದಿಗೆ ಕೂತು ತೀರ್ಮಾನಿಸುವುದೊಂದೇ ದಾರಿ.

ನಾಥಸಾಗರದಲ್ಲಿ ಬಲೆ ಬೀಸಿ ಬದುಕುವವರಲ್ಲಿ ಕಹಾರ್ ಸಮಾಜದವರು ಮುಖ್ಯರು. ಜಲಾಶಯದ ಮೇಲೆ ತೇಲುವ ಸೌರವಿದ್ಯುತ್ ಘಟಕ ಹಾಕುವ ಯೋಜನೆ ಬಂದಾಗ ಕಹಾರ್ ಸಮಾಜ ಪಂಚ ಸಮಿತಿ ಹಸಿರು ನ್ಯಾಯಮಂಡಳಿಗೆ ಹೋಯಿತು. ಅಲ್ಲಿ ಸೋತು ಸುಪ್ರೀಂ ಕೋರ್ಟಿಗೆ ಹೋಯಿತು. 2025ರ ಮೇ ತಿಂಗಳಲ್ಲಿ ಅಲ್ಲೂ ಅರ್ಜಿ ವಜಾ ಆಯಿತು. ಸೌರವಿದ್ಯುತ್ ಬೇಡವೆನ್ನುವವನು ನಾನಲ್ಲ. ಆದರೆ ಫಲಕಗಳು ನೀರಿಗಿಳಿಯುವ ಮುನ್ನ, ಯಾವ ಕಡೆ ಮೀನು ಮೊಟ್ಟೆಯಿಡುತ್ತದೆ, ಯಾವ ಕಡೆ ದೋಣಿ ಹೋಗಬೇಕು ಎಂದು ಆ ಜನರನ್ನು ಕೇಳಲೇಬೇಕು. ಕಾನೂನು ಒತ್ತಾಯಿಸಲಿ, ಬಿಡಲಿ.

ನಾಸಿಕಿಗೂ ಮರಾಠವಾಡಾಕ್ಕೂ ನೀರಿನ ಜಗಳ ಹಳೆಯದು. ಅಕ್ಟೋಬರ್ ನಡುವಿಗೆ ಜಾಯಕವಾಡಿಯಲ್ಲಿ 65% ನೀರು ಇಲ್ಲದಿದ್ದರೆ ಮೇಲಿನ ಅಣೆಕಟ್ಟುಗಳಿಂದ ಬಿಡಬೇಕು ಎಂಬುದು 2013ರ ಮೇಂಢೇಗಿರಿ ಸಮಿತಿ ಹಾಕಿಕೊಟ್ಟ ಲೆಕ್ಕ. ಲೆಕ್ಕದಲ್ಲಿ ಕುಡಿಯುವ ನೀರಿದೆ, ಕಾಲುವೆ ಇದೆ, ಕಾರ್ಖಾನೆ ಇದೆ. ಹಕ್ಕಿಗೂ ಮೀನಿಗೂ ಒಂದು ಪಾಲು ಬರೆಯಬೇಕು ಎಂಬುದು ನನ್ನ ಬೇಡಿಕೆ.

ಊರವರನ್ನು ಜೊತೆಗೆ ಸೇರಿಸಿಕೊಳ್ಳಲು ಕಾನೂನಿನಲ್ಲೂ ದಾರಿ ಇದೆ. ನಾಸಿಕ್ ಬಳಿಯ ಬೋರಗಡ ಗುಡ್ಡ ಮಹಾರಾಷ್ಟ್ರದ ಮೊದಲ ಸಂರಕ್ಷಣಾ ಮೀಸಲು. ಘೋಷಣೆಯಾದದ್ದು 2008ರಲ್ಲಿ. ಸಂರಕ್ಷಣಾ ಮೀಸಲು, ಸಮುದಾಯ ಮೀಸಲು ಎಂಬ ಎರಡು ಹೊಸ ಬಗೆಗಳು ವನ್ಯಜೀವಿ ಕಾಯ್ದೆಗೆ ಸೇರಿದ್ದು 2002ರ ತಿದ್ದುಪಡಿಯಲ್ಲಿ. ಅಭಯಾರಣ್ಯಕ್ಕೂ ಸಮುದಾಯ ಮೀಸಲಿಗೂ ಇರುವ ವ್ಯತ್ಯಾಸ ಸಣ್ಣದಲ್ಲ. ಅಭಯಾರಣ್ಯದಲ್ಲಿ ಪಂಚಾಯಿತಿಯವರಿಗೆ ಸಲಹಾ ಸಮಿತಿಯಲ್ಲಿ ಮಾತ್ರ ಕುರ್ಚಿ. ಸಮುದಾಯ ಮೀಸಲಿನಲ್ಲಿ ಕಾಯುವ, ನಿರ್ವಹಿಸುವ ಹೊಣೆ ಪಂಚಾಯಿತಿ ಕಳಿಸಿದ ಪ್ರತಿನಿಧಿಗಳಿರುವ ಸಮಿತಿಯದೇ.

ನಮ್ಮ ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರು 2007ರಲ್ಲಿ ಸಮುದಾಯ ಮೀಸಲಾಯಿತು. ಅದಕ್ಕೂ ತಲೆಮಾರುಗಳ ಹಿಂದಿನಿಂದ ಊರೊಳಗಿನ ಹುಣಸೆಮರಗಳ ಮೇಲೆ ಹೆಜ್ಜಾರ್ಲೆ ಗೂಡು ಕಟ್ಟುತ್ತಿದೆ. ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬಿಡಲು ‘ಹೆಜ್ಜಾರ್ಲೆ ಬಳಗ’ ಕಟ್ಟಿದವರು ಅದೇ ಊರಿನ ಯುವಕರು.

ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ ಕಪಿಲಾ ಹೊಳೆಯ ಮೀನು ದೇವರ ಮೀನು, ಯಾರೂ ಹಿಡಿಯುವುದಿಲ್ಲ. 1996ರಲ್ಲಿ ಯಾರೋ ವಿಷ ಹಾಕಿ ಸಾವಿರಾರು ಮೀನು ಸತ್ತವು. ಊರವರು ಅವುಗಳಿಗೆ ಸ್ಮಾರಕ ನಿಲ್ಲಿಸಿದರು. ಮೀನಿಗೆ ಸ್ಮಾರಕ ಕಟ್ಟಿದ ಊರು ಇನ್ನೆಲ್ಲಿದೆ?

ಕಡಲಿನ ಮಾತಿಗೆ ಬಂದರೆ, ಮಹಾರಾಷ್ಟ್ರದ ಮಾಲವಣದಲ್ಲಿ ಶಿವಾಜಿ ಕಟ್ಟಿಸಿದ ಸಿಂಧುದುರ್ಗ ನಿಂತ ದ್ವೀಪವನ್ನೂ ಸೇರಿಸಿ 29 ಚದರ ಕಿಲೋಮೀಟರ್ ಕಡಲನ್ನು 1987ರಲ್ಲಿ ಅಭಯಾರಣ್ಯ ಮಾಡಿದರು. ಮೀನುಗಾರರು ದಶಕಗಳ ಕಾಲ ವಿರೋಧಿಸಿದರು. ಫಿಲಿಪೀನ್ಸ್‌ನ ಆಪೋ ದ್ವೀಪದ ಕತೆ ಇದರ ಎದುರು ಬದಿ. ಒಂದು ಚದರ ಕಿಲೋಮೀಟರೂ ಇಲ್ಲದ ಆ ದ್ವೀಪದ ಬೆಸ್ತರು 1982ರಲ್ಲಿ, ಸಿಲ್ಲಿಮನ್ ವಿಶ್ವವಿದ್ಯಾಲಯದ ಆಂಜೆಲ್ ಆಲ್ಕಾಲಾ ಅವರ ಮಾತು ಕೇಳಿ, ಹವಳದ ದಿಬ್ಬದ ಒಂದು ಪಟ್ಟಿಯಲ್ಲಿ ಮೀನು ಹಿಡಿಯುವುದನ್ನು ತಾವೇ ನಿಲ್ಲಿಸಿದರು. ಕಾವಲೂ ಅವರದೇ. ಕೆಲವು ವರ್ಷಗಳಲ್ಲಿ ಒಳಗೆ ಬೆಳೆದ ಮೀನು ಹೊರಗೆ ಹರಿದು ಅವರ ಬಲೆಗೇ ಬಂತು. ಐದು ವರ್ಷದ ಅಂತರದಲ್ಲಿ ಹುಟ್ಟಿದ ಈ ಎರಡು ಕಾಪುದಾಣಗಳ ನಡುವೆ ಇರುವ ವ್ಯತ್ಯಾಸ ಇಷ್ಟೇ: ಮೊದಲ ಮಾತು ಯಾರೊಂದಿಗೆ ಆಡಿದರು ಎಂಬುದು.

ಡಿಸೆಂಬರ್‌ನಿಂದ ಫೆಬ್ರವರಿಯೊಳಗೆ ನಾಸಿಕ್ ಕಡೆ ಯಾತ್ರೆಗೆ ಹೋಗುವವರು ತ್ರ್ಯಂಬಕೇಶ್ವರದ ಜೊತೆಗೆ ಒಂದು ಬೆಳಗನ್ನು ನಾಂದೂರ್ ಮಧ್ಮೇಶ್ವರಕ್ಕೂ ಇಡಿ. ಚಾಪಡ್‌ಗಾಂವ್‌ನಲ್ಲಿ ಊರಿನ ಹುಡುಗನೊಬ್ಬನನ್ನು ಮಾರ್ಗದರ್ಶಿಯಾಗಿ ಕರೆದುಕೊಳ್ಳಿ, ಅವನು ಕೇಳಿದ ದುಡ್ಡನ್ನು ಚೌಕಾಸಿ ಮಾಡದೆ ಕೊಡಿ.